ಆನ್‌ಲೈನ್ ಆಟಗಳ ಮಾಸಿಕ ಚಂದಾ ಮತ್ತು ಆಟಗಾರರ ಆಕ್ಷೇಪಗಳು: ಒಂದು ವಿಮರ್ಶೆ

೧

ಗಣಕಯಂತ್ರಗಳ ಜಾಲದ ಮೂಲಕ ಸಾವಿರಾರು ಜನರು ಏಕಕಾಲದಲ್ಲಿ ಕೂಡಿ ಆಡುವ ಪಾತ್ರಧಾರಣೆಯ ಆಟಗಳು ಕಳೆದ ಮೂರು ದಶಕಗಳಲ್ಲಿ ಅಮೆರಿಕ, ಯೂರೋಪು, ಕೊರಿಯ, ಜಪಾನ್ ಮತ್ತು ಚೀನ ದೇಶಗಳಲ್ಲಿ ಬಹುವಾಗಿ ಬೆಳೆದಿವೆ. ಈ ಆಟಗಳಲ್ಲಿ ಆಟಗಾರನು ಯೋಧನಾಗಿಯೋ ಮಾಂತ್ರಿಕನಾಗಿಯೋ ಕಮ್ಮಾರನಾಗಿಯೋ ಒಂದು ವೇಷವನ್ನು ತಾಳಿ, ಕಲ್ಪಿತವಾದ ಒಂದು ದೇಶದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಬಾಳುತ್ತಾನೆ. ಆತನು ಯಂತ್ರವನ್ನು ಮುಚ್ಚಿ ಎದ್ದುಹೋದ ಮೇಲೂ ಆ ದೇಶವು ಕಂಪೆನಿಯ ಸರ್ವರುಗಳಲ್ಲಿ ನಡೆಯುತ್ತಲೇ ಇರುತ್ತದೆ. ಅದನ್ನು ನಡೆಸುವ ವೆಚ್ಚಕ್ಕಾಗಿ ಪ್ರತಿ ತಿಂಗಳೂ ಚಂದಾ ವಸೂಲು ಮಾಡುವ ಪದ್ಧತಿಯು ೧೯೯೦ರ ದಶಕದ ಉತ್ತರಾರ್ಧದಲ್ಲಿ ರೂಢಿಗೆ ಬಂದಿತು. ಈ ಚಂದಾವನ್ನು ಕುರಿತು ಆಟಗಾರರು ಅಂದಿನಿಂದ ಇಂದಿನವರೆಗೆ ಎತ್ತುತ್ತ ಬಂದಿರುವ ಆಕ್ಷೇಪಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂಥ ವಿಷಯವು ಇತಿಹಾಸದ ವ್ಯಾಸಂಗಕ್ಕೆ ತಕ್ಕುದೇ ಎಂದು ಕೆಲವರು ಶಂಕಿಸಬಹುದು. ಸುಂಕ, ಕಂದಾಯ, ಬಿಟ್ಟಿ ಮುಂತಾದವುಗಳ ವಿಷಯದಲ್ಲಿ ಜನರು ಹೇಳಿಕೊಂಡ ದೂರುಗಳನ್ನು ಇತಿಹಾಸಕಾರರು ಶ್ರದ್ಧೆಯಿಂದ ಓದುತ್ತಾರೆ. ಹಣ ಕೊಡುವವನು ಅದನ್ನು ಏತಕ್ಕಾಗಿ ಕೊಡುತ್ತಿರುವೆನೆಂದು ತಿಳಿದಿದ್ದಾನೆ, ಪಡೆಯುವವನು ಏತಕ್ಕಾಗಿ ಪಡೆಯುತ್ತಿರುವೆನೆಂದು ತಿಳಿದಿದ್ದಾನೆ ಎಂಬುದನ್ನು ಅರಿಯಲು ಆ ದೂರುಗಳಿಗಿಂತ ಉತ್ತಮವಾದ ಆಧಾರವಿಲ್ಲ. ಆಟದ ಚಂದಾ ಚಿಕ್ಕ ವಿಷಯವೇ ಆದರೂ, ಕೊಡುವವನ ತಿಳಿವಳಿಕೆಗೂ ಪಡೆಯುವವನ ತಿಳಿವಳಿಕೆಗೂ ಇರುವ ಅಂತರವು ಇಲ್ಲಿ ಬಹು ಸ್ಪಷ್ಟವಾಗಿ ಕಂಡುಬರುತ್ತದೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ ಒಂದುಂಟು. ಆಟಗಾರರು ಸ್ವಭಾವತಃ ಪುಕ್ಕಟೆಯಾಗಿ ಸಿಕ್ಕುವುದನ್ನೇ ಬಯಸುವವರು. ತಿಂಗಳಿಗೆ ಹತ್ತು ಹದಿನೈದು ಡಾಲರು ತೆರಲು ಅವರಿಗೆ ಮನಸ್ಸಿಲ್ಲ. ಆದಕಾರಣವೇ ಅನೇಕ ಆಟಗಳು ಚಂದಾವನ್ನು ಕೈಬಿಡಬೇಕಾಯಿತು ಎಂಬುದು ಆ ಅಭಿಪ್ರಾಯದ ಸಾರ. ಇದು ಪೂರ್ತಿ ಸುಳ್ಳಲ್ಲ. ಆದರೆ ದಾಖಲೆಗಳನ್ನು ಕಾಲಾನುಕ್ರಮವಾಗಿ ಇಟ್ಟುನೋಡಿದರೆ, ಆಟಗಾರರ ಕೋಪವು ಹೆಚ್ಚಾಗಿ ತಿರುಗಿದ್ದು ಚಂದಾದ ಮೊತ್ತದ ಕಡೆಗಲ್ಲ, ಚಂದಾ ಕೊಟ್ಟ ಮೇಲೂ ತಮಗೆ ಸಲ್ಲದೆ ಹೋದುದರ ಕಡೆಗೆ ಎಂಬುದು ವಿದಿತವಾಗುತ್ತದೆ. ಇದನ್ನು ಸಾಧಾರವಾಗಿ ನಿರೂಪಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

೨

ಮೊದಲು ಆಧಾರಗಳ ವಿಚಾರ. ಆಟಗಾರರ ಮಾತುಗಳನ್ನು ಬಳಸುವಾಗ ಎರಡು ಎಚ್ಚರಿಕೆಗಳು ಅವಶ್ಯ. ಒಂದನೆಯದು, ಅಸಮಾಧಾನಗೊಂಡವರು ಮಾತನಾಡುತ್ತಾರೆ, ತೃಪ್ತರಾದವರು ಸುಮ್ಮನೆ ಹಣ ಕಟ್ಟಿ ಆಡುತ್ತಾರೆ. ೨೦೦೪ರ ನವೆಂಬರಿನಲ್ಲಿ ಹೊರಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟಕ್ಕೆ ಅಮೆರಿಕದಲ್ಲಿ ತಿಂಗಳಿಗೆ ೧೪.೯೯ ಡಾಲರು ಚಂದಾ ಇದ್ದಿತು. ೨೦೧೦ರ ಅಕ್ಟೋಬರಿನಲ್ಲಿ ಜಗತ್ತಿನಲ್ಲೆಲ್ಲ ಕೂಡಿ ಆ ಆಟಕ್ಕೆ ೧ ಕೋಟಿ ೨೦ ಲಕ್ಷ ಚಂದಾದಾರರಿದ್ದರೆಂದು ಕಂಪೆನಿಯು ಪ್ರಕಟಿಸಿತು. ಚಂದಾವನ್ನು ಆಟಗಾರರು ಮೂಲತಃ ಒಪ್ಪುವುದೇ ಇಲ್ಲವೆಂಬ ವಾದಕ್ಕೆ ಈ ಒಂದು ಅಂಕಿಯೇ ಸಾಕಾದ ಉತ್ತರ. ಎರಡನೆಯದು, ಬಿಟ್ಟುಹೋಗುತ್ತೇನೆಂದು ಕೂಗುವವರೆಲ್ಲರೂ ಬಿಟ್ಟುಹೋಗುವುದಿಲ್ಲ. ಆದುದರಿಂದ ಕೇವಲ ಮಾತಿನ ಮಟ್ಟದಲ್ಲಿ ಉಳಿದ ಆಕ್ಷೇಪಗಳಿಗಿಂತ, ದಾವೆ, ಸಾಮೂಹಿಕ ಪ್ರತಿಭಟನೆ, ಸದಸ್ಯತ್ವದ ತ್ಯಾಗ, ಮತದಾನ ಇವುಗಳ ಮೂಲಕ ಕಾರ್ಯರೂಪಕ್ಕೆ ಬಂದ ಆಕ್ಷೇಪಗಳಿಗೆ ನಾವು ಹೆಚ್ಚಿನ ಬೆಲೆ ಕೊಟ್ಟಿದ್ದೇವೆ.

೩

ಮಾಸಿಕ ಚಂದಾ ಬರುವುದಕ್ಕೆ ಮುಂಚಿನ ಸ್ಥಿತಿಯನ್ನು ತಿಳಿಯದೆ ಅದರ ಸ್ವರೂಪ ತಿಳಿಯದು. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟ್ಲ್ ಎಂಬವರು ರಚಿಸಿದ ಮಡ್ ಎಂಬ ಆಟವು ಈ ವರ್ಗದ ಆಟಗಳ ಮೂಲಪುರುಷನೆನ್ನಬಹುದು. ಮುಂದೆ ವಾಣಿಜ್ಯ ಸಂಸ್ಥೆಗಳು ಇಂಥ ಆಟಗಳನ್ನು ದೂರವಾಣಿ ತಂತಿಯ ಮೂಲಕ ಒದಗಿಸತೊಡಗಿದಾಗ ಗಂಟೆಯ ಲೆಕ್ಕದಲ್ಲಿ ಹಣ ಪಡೆದವು. ೧೯೮೫ರಲ್ಲಿ ಕಂಪ್ಯೂಸರ್ವ್ ಸಂಸ್ಥೆಯ ಮೂಲಕ ದೊರೆತ ಐಲೆಂಡ್ ಆಫ್ ಕೆಸ್ಮಾಯ್ ಎಂಬ ಆಟಕ್ಕೆ ನಿಧಾನವಾದ ಸಂಪರ್ಕದಲ್ಲಿ ಗಂಟೆಗೆ ೬ ಡಾಲರು, ವೇಗವಾದ ಸಂಪರ್ಕದಲ್ಲಿ ೧೨ ಡಾಲರು ತೆರಬೇಕಾಗಿದ್ದಿತು. ಆಡುವವನ ಒಂದು ಕಣ್ಣು ಆಟದ ಮೇಲೆ, ಇನ್ನೊಂದು ಗಡಿಯಾರದ ಮೇಲೆ.

೧೯೯೬ರ ಸೆಪ್ಟೆಂಬರಿನಲ್ಲಿ ಬಂದ ಮೆರಿಡಿಯನ್ ೫೯, ೧೯೯೭ರ ಸೆಪ್ಟೆಂಬರಿನಲ್ಲಿ ಬಂದ ಅಲ್ಟಿಮಾ ಆನ್‌ಲೈನ್, ೧೯೯೯ರ ಮಾರ್ಚಿನಲ್ಲಿ ಬಂದ ಎವರ್‌ಕ್ವೆಸ್ಟ್ ಇವು ಗಂಟೆಯ ಲೆಕ್ಕವನ್ನು ಬಿಟ್ಟು ತಿಂಗಳ ಲೆಕ್ಕವನ್ನು ಹಿಡಿದವು. ಅಲ್ಟಿಮಾ ಆನ್‌ಲೈನಿನ ಚಂದಾ ತಿಂಗಳಿಗೆ ೯.೯೫ ಡಾಲರು, ಎವರ್‌ಕ್ವೆಸ್ಟಿನದು ಆರಂಭದಲ್ಲಿ ೯.೮೯ ಡಾಲರು. ಹನ್ನೆರಡು ವರ್ಷಗಳ ಹಿಂದೆ ಎರಡು ಗಂಟೆಯ ಆಟಕ್ಕೆ ತೆರುತ್ತಿದ್ದುದಕ್ಕಿಂತ ಕಡಿಮೆ ಹಣದಲ್ಲಿ ಈಗ ಇಡೀ ತಿಂಗಳು ಆಡಬಹುದಾಯಿತು. ಹೀಗೆ ಮಾಸಿಕ ಚಂದಾವು ಮೊದಮೊದಲು ಹೊರೆಯನ್ನು ಇಳಿಸಿದ ಪದ್ಧತಿಯಾಗಿಯೇ ಬಂದಿತೆಂಬುದನ್ನು ಮರೆಯಲಾಗದು.

ಆದರೆ ಹೊಸ ಪದ್ಧತಿಯೊಡನೆ ಹೊಸ ಪ್ರಶ್ನೆಯೊಂದು ಹುಟ್ಟಿತು. ಆಟದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಮೇಲೆ ಅದನ್ನು ಆಡಲು ತಿಂಗಳು ತಿಂಗಳು ಮತ್ತೇಕೆ ಕೊಡಬೇಕು ಎಂಬುದೇ ಆ ಪ್ರಶ್ನೆ. ಕೊಂಡ ವಸ್ತು ಕೊಂಡವನದು ಎಂಬ ಸಾಮಾನ್ಯ ನ್ಯಾಯದ ದೃಷ್ಟಿಯಿಂದ ಇದು ಸಹಜವಾದ ಪ್ರಶ್ನೆ. ೨೦೦೫ರಲ್ಲಿ ಬಂದ ಗಿಲ್ಡ್ ವಾರ್ಸ್ ಎಂಬ ಆಟವು ಪೆಟ್ಟಿಗೆಯ ಬೆಲೆಯನ್ನು ಮಾತ್ರ ಪಡೆದು ಮಾಸಿಕ ಚಂದಾವನ್ನು ಬಿಟ್ಟುಕೊಟ್ಟಿತು. ಇದನ್ನೇ ತನ್ನ ಹಿರಿಮೆಯೆಂದು ಸಾರಿಕೊಂಡಿತು.

೪

ಚಂದಾದಾರರು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಸಿಡಿದೆದ್ದ ಪ್ರಸಂಗವು ಅಲ್ಟಿಮಾ ಆನ್‌ಲೈನಿಗೆ ಸಂಬಂಧಿಸಿದುದು. ಆರಂಭದ ತಿಂಗಳುಗಳಲ್ಲಿ ಆ ಆಟದ ಸರ್ವರುಗಳು ಪದೇ ಪದೇ ಕೆಟ್ಟುನಿಲ್ಲುತ್ತಿದ್ದವು, ಚಲನೆ ತಡವಾಗುತ್ತಿದ್ದಿತು. ೧೯೯೭ರ ಕೊನೆಯ ಹೊತ್ತಿಗೆ ಆಟಗಾರರು ಗುಂಪುಗೂಡಿ, ಆಟದೊಳಗಣ ದೊರೆಯಾದ ಲಾರ್ಡ್ ಬ್ರಿಟಿಷ್ ಎಂಬವನ ಅರಮನೆಗೆ ನುಗ್ಗಿ, ತಮ್ಮ ಪಾತ್ರಗಳ ಉಡುಪುಗಳನ್ನೆಲ್ಲ ಕಳಚಿ, ಕಲ್ಪಿತ ಮದ್ಯವನ್ನು ಕುಡಿದು ಗದ್ದಲವೆಬ್ಬಿಸಿದರು. ಲಾರ್ಡ್ ಬ್ರಿಟಿಷ್ ಎಂಬುದು ಆಟದ ನಿರ್ಮಾತೃವಾದ ರಿಚರ್ಡ್ ಗ್ಯಾರಿಯಟ್ ಅವರೇ ಧರಿಸುತ್ತಿದ್ದ ವೇಷ. ಪ್ರಜೆಗಳು ದೊರೆಯ ಬಾಗಿಲಿಗೆ ಬಂದು ಮೊರೆಯಿಡುವ ರೀತಿಯನ್ನೇ ಆಟಗಾರರು ಇಲ್ಲಿ ಅನುಸರಿಸಿದರೆಂಬುದು ಗಮನಾರ್ಹ.

೧೯೯೮ರಲ್ಲಿ ಕೆಲವು ಆಟಗಾರರು ಇನ್ನೂ ಮುಂದೆ ಹೋಗಿ ಕ್ಯಾಲಿಫೋರ್ನಿಯದಲ್ಲಿ ಆರಿಜಿನ್ ಕಂಪೆನಿಯ ಮೇಲೆ ದಾವೆ ಹೂಡಿದರು. ದಿನದ ಇಪ್ಪತ್ತನಾಲ್ಕು ಗಂಟೆಯೂ ಆಡಬಹುದೆಂದು ಜಾಹೀರಾತು ಮಾಡಿ ಹಣ ಪಡೆದ ಕಂಪೆನಿಯು ಆ ಮಾತನ್ನು ನಡೆಸಿಕೊಡಲಿಲ್ಲವೆಂಬುದು ಅವರ ವಾದ. ಕೊನೆಗೆ ಉಭಯಪಕ್ಷಗಳೂ ರಾಜಿಯಾಗಿ, ಕಂಪೆನಿಯು ಸಾನ್ ಹೊಸೆ ನಗರದ ತಂತ್ರವಿಜ್ಞಾನದ ವಸ್ತುಸಂಗ್ರಹಾಲಯಕ್ಕೆ ೧೫,೦೦೦ ಡಾಲರುಗಳನ್ನು ದಾನವಾಗಿ ಕೊಟ್ಟಿತು. ವಾದಿಗಳಿಗೆ ಪರಿಹಾರವಾಗಿ ಹಣವೇನೂ ಸಿಕ್ಕಲಿಲ್ಲ. ಚಂದಾ ಹೆಚ್ಚಾಯಿತು, ಇಳಿಸಬೇಕು ಎಂಬ ಬೇಡಿಕೆಯು ಈ ಎರಡು ಪ್ರಸಂಗಗಳ ಪೈಕಿ ಯಾವುದರಲ್ಲಿಯೂ ಮುಂದೆ ಬರಲಿಲ್ಲ.

೫

ಇಲ್ಲಿ ನಮ್ಮ ಭಾಷೆಯ ಒಂದು ಪದವನ್ನು ಪರಿಶೀಲಿಸುವುದು ಉಪಯುಕ್ತ. ಕನ್ನಡದಲ್ಲಿ ಚಂದಾ ಎಂಬ ಪದಕ್ಕೆ ಎರಡು ಬಳಕೆಗಳುಂಟು. ಮಾಸಪತ್ರಿಕೆಗೆ ಕಟ್ಟುವ ಹಣವೂ ಚಂದಾ; ಊರಿನ ಸಂಘಕ್ಕೋ ವಾಚನಾಲಯಕ್ಕೋ ಕಟ್ಟುವ ಹಣವೂ ಚಂದಾ. ಪತ್ರಿಕೆಗೆ ಚಂದಾ ಕಟ್ಟಿದವನಿಗೆ ಸಂಚಿಕೆ ಬಂದರೆ ಅಲ್ಲಿಗೆ ಲೆಕ್ಕ ತೀರಿತು. ಸಂಪಾದಕರು ಏನನ್ನು ಅಚ್ಚು ಮಾಡಬೇಕೆಂದು ನಿರ್ಣಯಿಸುವ ಅಧಿಕಾರ ಅವನಿಗಿಲ್ಲ. ಸಂಘಕ್ಕೆ ಚಂದಾ ಕಟ್ಟಿದವನಾದರೋ ಸದಸ್ಯನಾಗುತ್ತಾನೆ. ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ, ಇತರ ಸದಸ್ಯರಿಗೆ ಸಮಾನನಾಗಿ ಕುಳಿತುಕೊಳ್ಳುವ ಹಕ್ಕು ಅವನಿಗೆ ಬರುತ್ತದೆ.

ಕಂಪೆನಿಗಳು ಪಡೆದದ್ದು ಮೊದಲನೆಯ ಬಗೆಯ ಚಂದಾ. ಆಟಗಾರರು ಕೊಟ್ಟದ್ದು ಎರಡನೆಯ ಬಗೆಯ ಚಂದಾ ಎಂದು ಹೇಳಿದರೆ ಈ ಇತಿಹಾಸದ ಬಹುಭಾಗವು ಅರ್ಥವಾಗುತ್ತದೆ. ಕಾನೂನಿನ ಪ್ರಕಾರ ಕಂಪೆನಿಯ ನಿಲುವೇ ಸರಿಯಿರಬಹುದು. ಆದರೆ ವರ್ಷಗಟ್ಟಲೆ ಒಂದೇ ಊರಿನಲ್ಲಿ ಬಾಳಿ, ಸ್ನೇಹಿತರನ್ನು ಗಳಿಸಿ, ತಂಡ ಕಟ್ಟಿಕೊಂಡವನು ತನ್ನನ್ನು ಗಿರಾಕಿಯೆಂದು ಮಾತ್ರ ಭಾವಿಸಿಕೊಳ್ಳುವುದು ಕಷ್ಟ. ಇಲ್ಲಿ ಇನ್ನೊಂದು ಅಂಶವೂ ಸೇರುತ್ತದೆ. ಪತ್ರಿಕೆಯ ಚಂದಾ ನಿಲ್ಲಿಸಿದರೂ ಹಳೆಯ ಸಂಚಿಕೆಗಳು ಮನೆಯಲ್ಲಿ ಉಳಿಯುತ್ತವೆ. ಆಟದ ಚಂದಾ ನಿಲ್ಲಿಸಿದವನಿಗೆ ತನ್ನ ಪಾತ್ರ, ತನ್ನ ಸಂಪಾದನೆ, ತನ್ನ ಬಳಗ ಎಲ್ಲಕ್ಕೂ ಬಾಗಿಲು ಮುಚ್ಚುತ್ತದೆ. ಆದುದರಿಂದ ತಿಂಗಳ ಹಣವು ಹೊಸದಾಗಿ ಪಡೆಯುವುದಕ್ಕೆ ಕೊಡುವ ಬೆಲೆಯಾಗಿರುವಷ್ಟೇ, ಈಗಾಗಲೇ ತನ್ನದಾಗಿರುವುದನ್ನು ಕಳೆದುಕೊಳ್ಳದಿರಲು ಕೊಡುವ ಹಣವೂ ಆಗಿಬಿಡುತ್ತದೆ. ಆಟಗಾರರ ಮಾತಿನಲ್ಲಿ ಕಾಣುವ ಕಾವಿಗೆ ಇದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಕಂಪೆನಿಯೊಂದು ಈ ಭಾವನೆಯನ್ನು ತಾನಾಗಿಯೇ ಮನ್ನಿಸಿದ ಅಪರೂಪದ ನಿದರ್ಶನವೂ ಉಂಟು. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿಯು ೨೦೧೦ರ ಸೆಪ್ಟೆಂಬರಿನಲ್ಲಿ ಹೊರತಂದ ಫೈನಲ್ ಫ್ಯಾಂಟಸಿ ೧೪ ತೀರ ಅಸಮರ್ಪಕವಾಗಿದ್ದಿತು. ಅದೇ ಡಿಸೆಂಬರಿನಲ್ಲಿ ಕಂಪೆನಿಯು ಕ್ಷಮೆ ಕೇಳಿ, ಆಟದ ಮುಖ್ಯಸ್ಥರನ್ನು ಬದಲಾಯಿಸಿ, ಸುಧಾರಣೆಯಾಗುವವರೆಗೆ ಚಂದಾ ಪಡೆಯುವುದಿಲ್ಲವೆಂದು ಪ್ರಕಟಿಸಿತು. ೨೦೧೨ರ ಜನವರಿಯಲ್ಲಿ ಮಾತ್ರ ವಸೂಲಿ ಆರಂಭವಾಯಿತು. ಆ ವರ್ಷದ ನವೆಂಬರಿನಲ್ಲಿ ಹಳೆಯ ಆಟವನ್ನು ಮುಚ್ಚಿ, ೨೦೧೩ರ ಆಗಸ್ಟಿನಲ್ಲಿ ಹೊಸದಾಗಿ ಕಟ್ಟಿದ ಆಟವನ್ನು ಮಾಸಿಕ ಚಂದಾದೊಡನೆಯೇ ತೆರೆದರು. ಇತರರು ಚಂದಾವನ್ನು ಕೈಬಿಡುತ್ತಿದ್ದ ಆ ಕಾಲದಲ್ಲಿ ಈ ಆಟವು ಚಂದಾದ ಮೇಲೆಯೇ ನಿಂತು ಏಳಿಗೆ ಹೊಂದಿತು. ಪುಕ್ಕಟೆಯ ಆಸೆಯೇ ಎಲ್ಲಕ್ಕೂ ಕಾರಣವೆಂಬವರು ಈ ನಿದರ್ಶನವನ್ನು ವಿವರಿಸಲಾರರು.

೬

ಸದಸ್ಯರೆಲ್ಲರೂ ಸಮಾನರೆಂಬ ಭಾವನೆಗೆ ಪೆಟ್ಟುಬಿದ್ದಾಗ ಆಕ್ಷೇಪಗಳು ಹೇಗೆ ತೀವ್ರವಾದವೆಂಬುದನ್ನು ಈಗ ನೋಡೋಣ. ೨೦೦೨ರಲ್ಲಿ ಎವರ್‌ಕ್ವೆಸ್ಟಿನ ಚಂದಾವು ೧೨.೯೫ ಡಾಲರಿಗೆ ಏರಿತು. ಅದೇ ವರ್ಷ ಕಂಪೆನಿಯು ತಿಂಗಳಿಗೆ ೩೯.೯೫ ಡಾಲರು ಕೊಡುವವರಿಗಾಗಿ ವಿಶೇಷ ಉಪಚಾರಗಳುಳ್ಳ ಪ್ರತ್ಯೇಕವಾದ ಸರ್ವರೊಂದನ್ನು ತೆರೆಯಿತು. ಒಂದೇ ದೇಶದ ಪ್ರಜೆಗಳಲ್ಲಿ ಹೀಗೆ ಎರಡು ದರ್ಜೆಗಳಾದವು. ೨೦೧೦ರ ಏಪ್ರಿಲಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಕಂಪೆನಿಯು ನಕ್ಷತ್ರಮಯವಾದ ಕುದುರೆಯೊಂದನ್ನು ೨೫ ಡಾಲರಿಗೆ ಮಾರಿತು. ಕೊಳ್ಳುವವರ ಸಾಲು ಲಕ್ಷವನ್ನು ದಾಟಿತು. ಚಂದಾ ಕೊಡುವವರಿಗೆ ಮತ್ತೆ ಅಂಗಡಿಯೇಕೆ ಎಂಬ ದೂರೂ ಅಷ್ಟೇ ಜೋರಾಗಿ ಎದ್ದಿತು. ಆ ಕಂಪೆನಿಯ ಅಮೆರಿಕದ ಮಾಸಿಕ ಚಂದಾದ ಅಂಕಿಯು ೨೦೦೪ರಿಂದ ಎರಡು ದಶಕಗಳ ಕಾಲ ಬದಲಾಗಲಿಲ್ಲ ಎಂಬುದನ್ನು ಇದರೊಡನೆ ಇಟ್ಟುನೋಡಬೇಕು. ಬೆಲೆಗಳು ಏರುತ್ತ ಹೋದಂತೆ ಅದೇ ೧೪.೯೯ ಡಾಲರಿನ ನಿಜವಾದ ಮೌಲ್ಯವು ಇಳಿಯುತ್ತ ಹೋಯಿತು. ಚಂದಾವನ್ನು ಏರಿಸಲು ಅಂಜಿದ ಕಂಪೆನಿಯು ಬೇರೆ ಬಾಗಿಲಿನಿಂದ ಆದಾಯವನ್ನು ಹುಡುಕಿತೆಂದು ತೋರುತ್ತದೆ.

ಎಲ್ಲಕ್ಕಿಂತ ಬೋಧಪ್ರದವಾದುದು ಐಸ್ಲೆಂಡಿನ ಸಿ.ಸಿ.ಪಿ. ಕಂಪೆನಿಯ ಈವ್ ಆನ್‌ಲೈನ್ ಎಂಬ ಆಟದಲ್ಲಿ ೨೦೧೧ರಲ್ಲಿ ನಡೆದ ದಂಗೆ. ಆ ವರ್ಷದ ಜೂನಿನಲ್ಲಿ ಕಂಪೆನಿಯು ಆಟದೊಳಗೆ ಅಲಂಕಾರದ ವಸ್ತುಗಳ ಅಂಗಡಿಯೊಂದನ್ನು ತೆರೆಯಿತು. ಪಾತ್ರದ ಒಂದು ಕಣ್ಣಿಗೆ ಧರಿಸುವ ಕನ್ನಡಕದ ಬೆಲೆ ಅರುವತ್ತು ಡಾಲರನ್ನು ಮೀರಿದ್ದಿತು. ನಾಲ್ಕು ತಿಂಗಳ ಚಂದಾಕ್ಕಿಂತ ಅದು ಹೆಚ್ಚು. ಆಟದ ಬಲಾಬಲವನ್ನು ಬದಲಾಯಿಸುವ ವಸ್ತುಗಳನ್ನೂ ಮಾರಬಹುದೇ ಎಂಬ ಚರ್ಚೆಯುಳ್ಳ ಕಂಪೆನಿಯ ಆಂತರಿಕ ಪತ್ರಿಕೆಯೊಂದು ಅದೇ ಸಮಯದಲ್ಲಿ ಬಯಲಾಯಿತು. ಸಾವಿರಾರು ಆಟಗಾರರು ಜಿಟಾ ಎಂಬ ವ್ಯಾಪಾರಕೇಂದ್ರದಲ್ಲಿ ನೆರೆದು ಅಲ್ಲಿಯ ಸ್ಮಾರಕದ ಮೇಲೆ ಗುಂಡಿನ ಮಳೆಗರೆದರು. ಅನೇಕರು ಚಂದಾ ನಿಲ್ಲಿಸಿದರು. ಕಂಪೆನಿಯು ಆಟಗಾರರ ಪ್ರತಿನಿಧಿಗಳನ್ನು ಐಸ್ಲೆಂಡಿಗೆ ಕರೆಸಿ ಮಾತುಕತೆ ನಡೆಸಿತು. ಅಕ್ಟೋಬರಿನಲ್ಲಿ ಅದರ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೋರಿದರು. ಕನ್ನಡಕವನ್ನು ಯಾರೂ ಕೊಳ್ಳಲೇಬೇಕಾಗಿರಲಿಲ್ಲ. ಚಂದಾ ಒಂದು ಸೆಂಟೂ ಏರಿರಲಿಲ್ಲ. ಆದರೂ ದಂಗೆಯಾಯಿತು. ಶ್ರಮದಿಂದ ಬರತಕ್ಕ ಬಲವು ಹಣದಿಂದ ಬರುವಂತಾದರೆ ಸದಸ್ಯರ ಸಮಾನತೆಗೆ ಅರ್ಥವಿಲ್ಲವೆಂಬ ಭಯವೇ ಇದರ ಮೂಲ.

೭

ಚಂದಾವನ್ನು ತೆಗೆದುಹಾಕಿದ ಮೇಲೆ ಏನಾಯಿತೆಂಬುದು ನಮ್ಮ ವಾದಕ್ಕೆ ಒರೆಗಲ್ಲು. ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್ ಎಂಬ ಆಟವು ೨೦೧೧ರ ಡಿಸೆಂಬರಿನಲ್ಲಿ ಚಂದಾದೊಡನೆ ಹೊರಬಂದು, ಒಂದು ವರ್ಷ ತುಂಬುವ ಮೊದಲೇ, ೨೦೧೨ರ ನವೆಂಬರಿನಲ್ಲಿ ಉಚಿತವಾಯಿತು. ಆದರೆ ಉಚಿತವಾಗಿ ಆಡುವವನಿಗೆ ತೆರೆಯ ಮೇಲೆ ತನ್ನ ವಿದ್ಯೆಗಳ ಗುಂಡಿಗಳನ್ನು ಜೋಡಿಸಿಡುವ ಸಾಲುಗಳೂ ಎಣಿಕೆಯಾಗಿ ದೊರೆತವು. ಹೆಚ್ಚು ಬೇಕಾದರೆ ಹಣ ಕೊಡಬೇಕು. ಹದಿನೈದು ಡಾಲರು ಹೆಚ್ಚಾಯಿತೆಂದವರೇ ಈ ಚಿಲ್ಲರೆ ವಸೂಲಿಯನ್ನು ಕಂಡು ಮುಂಚಿನದೇ ಮೇಲೆಂದರು. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ೨೦೧೪ರ ಏಪ್ರಿಲಿನಲ್ಲಿ ಚಂದಾದೊಡನೆ ಆರಂಭವಾಗಿ ೨೦೧೫ರ ಮಾರ್ಚಿನಲ್ಲಿ ಅದನ್ನು ಐಚ್ಛಿಕವಾಗಿಸಿ ಬೆಳೆಯಿತು. ವೈಲ್ಡ್‌ಸ್ಟಾರ್ ಎಂಬುದು ೨೦೧೪ರ ಜೂನಿನಲ್ಲಿ ಬಂದು, ೨೦೧೫ರ ಸೆಪ್ಟೆಂಬರಿನಲ್ಲಿ ಉಚಿತವಾಗಿ, ೨೦೧೮ರ ನವೆಂಬರಿನಲ್ಲಿ ಮುಚ್ಚಿಹೋಯಿತು. ಚಂದಾವೇ ರೋಗವಾಗಿದ್ದರೆ ಅದನ್ನು ತೆಗೆದ ಮೇಲೆ ಈ ಆಟವೂ ಉಳಿಯಬೇಕಾಗಿದ್ದಿತು.

ಕೊರಿಯದಲ್ಲಿ ೧೯೯೮ರಿಂದ ನಡೆದುಬಂದ ಲಿನಿಯೇಜ್ ಎಂಬ ಆಟಕ್ಕೆ ತಿಂಗಳಿಗೆ ೨೯,೭೦೦ ವೊನ್ ಚಂದಾ ಇದ್ದು, ೨೦೧೯ರಲ್ಲಿ ರದ್ದಾಯಿತು. ಆಟದೊಳಗಣ ವಸ್ತುಗಳ ಮಾರಾಟವೇ ಅಲ್ಲಿ ಮುಖ್ಯವಾದ ಆದಾಯವಾಗಿದ್ದಿತು. ಚಂದಾ ಇದ್ದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುತ್ತಿದ್ದರು. ಅದು ಹೋದ ಮೇಲೆ ಕೆಲವರು ಬಹಳ ಕೊಡುತ್ತಾರೆ, ಉಳಿದವರು ಏನನ್ನೂ ಕೊಡುವುದಿಲ್ಲ. ಆಟವು ಆ ಕೆಲವರ ಅನುಕೂಲದ ಕಡೆಗೆ ವಾಲುವುದು ಸ್ವಾಭಾವಿಕ.

೮

ನಮ್ಮ ವಾದಕ್ಕೆ ಪ್ರತಿಯಾಗಿ ಹೇಳಬಹುದಾದುದನ್ನೂ ಮರೆಮಾಚಲಾಗದು. ಮೊತ್ತವು ಲೆಕ್ಕಕ್ಕೆ ಬಾರದೆಂದು ನಾವು ಹೇಳುವುದಿಲ್ಲ. ೨೦೨೨ರ ಮೇ ತಿಂಗಳಲ್ಲಿ ಈವ್ ಆನ್‌ಲೈನ್ ತನ್ನ ಚಂದಾವನ್ನು ೧೪.೯೫ ಡಾಲರಿನಿಂದ ೧೯.೯೯ಕ್ಕೆ ಏರಿಸಿದಾಗ ಎದ್ದ ಕೋಪವು ಮೊತ್ತಕ್ಕೇ ಸಂಬಂಧಿಸಿದುದು. ವಿದ್ಯಾರ್ಥಿಗಳಿಗೂ, ದುಡಿದು ಬಂದು ವಾರಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಆಡಬಲ್ಲವರಿಗೂ ಮಾಸಿಕ ಚಂದಾವು ನಿಜವಾಗಿಯೂ ದುಬಾರಿ; ಏಕೆಂದರೆ ಆಡದ ದಿನಗಳಿಗೂ ಅವರು ಹಣ ಕೊಡುತ್ತಾರೆ. ಚೀನದಲ್ಲಿ ೨೦೦೫ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಾಗ ನಿಮಿಷಗಳ ಲೆಕ್ಕದ ಚೀಟಿಯಿದ್ದಿತು: ೩೦ ಯುವಾನಿಗೆ ೪,೦೦೦ ನಿಮಿಷ, ಅಂದರೆ ೬೬ ಗಂಟೆ ೪೦ ನಿಮಿಷ. ೨೦೧೬ರಲ್ಲಿ ಇದನ್ನು ಬಿಟ್ಟು ತಿಂಗಳಿಗೆ ೭೫ ಯುವಾನು ಎಂದು ಗೊತ್ತುಮಾಡಿದರು. ಹಗಲಿರುಳು ಆಡುವವನಿಗೆ ಇದರಿಂದ ಲಾಭ, ಬಿಡುವಿನಲ್ಲಿ ಆಡುವವನಿಗೆ ನಷ್ಟ. ಎಲ್ಲರಿಗೂ ಒಂದೇ ಚಂದಾ ಎಂಬ ಸಮಾನತೆಯೊಳಗೆ ಬಿಡುವಿನ ಅಸಮಾನತೆ ಅಡಗಿದೆಯೆಂಬುದನ್ನು ಈ ದೂರುಗಳು ತೋರಿಸಿಕೊಡುತ್ತವೆ. ನಾವು ಆಕ್ಷೇಪಿಸುವುದು ಇಷ್ಟಕ್ಕೆ: ಈ ಒಂದು ಬಗೆಯ ದೂರನ್ನೇ ಎತ್ತಿಹಿಡಿದು ಉಳಿದೆಲ್ಲ ದೂರುಗಳನ್ನೂ ಜಿಪುಣತನವೆಂದು ತಳ್ಳಿಹಾಕುವುದು ಸರಿಯಲ್ಲ.

೯

ಅಮೆರಿಕದ ವಸಾಹತುಗಳ ಇತಿಹಾಸವನ್ನು ಓದಿದವರಿಗೆ, ಪ್ರಾತಿನಿಧ್ಯವಿಲ್ಲದೆ ತೆರಿಗೆ ಸಲ್ಲದೆಂಬ ೧೭೬೦ರ ದಶಕದ ವಾದವು ಇಲ್ಲಿ ನೆನಪಿಗೆ ಬರಬಹುದು. ಸಾಮ್ಯ ಉಂಟು. ಈವ್ ಆನ್‌ಲೈನಿನಲ್ಲಿ ೨೦೦೮ರಿಂದ ಆಟಗಾರರೇ ಮತಹಾಕಿ ಆರಿಸುವ ಪರಿಷತ್ತೊಂದಿದೆ. ಇಂಗ್ಲೆಂಡಿನ ಜಾಜೆಕ್ಸ್ ಕಂಪೆನಿಯು ೨೦೧೩ರ ಫೆಬ್ರವರಿಯಲ್ಲಿ ರೂನ್‌ಸ್ಕೇಪ್ ಆಟದ ಹಳೆಯ ರೂಪವನ್ನು ಮತ್ತೆ ತೆರೆಯಬೇಕೇ ಎಂದು ಮತ ಕೇಳಿತು. ಮತಗಳು ಹೆಚ್ಚಿದಷ್ಟೂ ಅದಕ್ಕಾಗಿ ಕೊಡಬೇಕಾದ ಹೆಚ್ಚುವರಿ ಚಂದಾ ಕಡಿಮೆಯಾಗುವಂತೆ ಮೊದಲೇ ಗೊತ್ತುಮಾಡಿದ್ದರು. ೪,೪೯,೩೫೧ ಮತಗಳು ಬಂದವು. ಹೆಚ್ಚುವರಿ ಚಂದಾವನ್ನು ಕಂಪೆನಿಯು ಬಿಟ್ಟುಕೊಟ್ಟಿತು. ಅದೇ ಕಂಪೆನಿಯು ೨೦೨೫ರ ಜನವರಿಯಲ್ಲಿ, ಕಡಿಮೆ ದರ್ಜೆಯ ಸದಸ್ಯರಿಗೆ ಜಾಹೀರಾತು ತೋರಿಸುವುದೂ ಸೇರಿದಂತೆ ನಾನಾ ದರ್ಜೆಯ ಚಂದಾಗಳ ಬಗ್ಗೆ ಅಭಿಪ್ರಾಯ ಕೇಳಿದಾಗ, ಆಟಗಾರರು ಸದಸ್ಯತ್ವವನ್ನೇ ಬಿಡತೊಡಗಿದರು; ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು. ಚಂದಾದ ಬಗ್ಗೆ ತಮ್ಮನ್ನು ಕೇಳಿದುದಕ್ಕೆ ಆಟಗಾರರ ಆಕ್ಷೇಪವಿರಲಿಲ್ಲ, ಸದಸ್ಯರಲ್ಲಿ ಮೇಲು ಕೀಳು ಮಾಡುವುದಕ್ಕೆ ಇದ್ದಿತೆಂಬುದು ಈ ಎರಡು ಘಟನೆಗಳ ಹೋಲಿಕೆಯಿಂದ ತಿಳಿಯುತ್ತದೆ.

ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ತೆರಿಗೆ ಕೊಡದ ಪ್ರಜೆಯನ್ನು ಸರ್ಕಾರ ದಂಡಿಸುತ್ತದೆ. ಚಂದಾ ಕೊಡದ ಆಟಗಾರನು ಹೊರಗೆ ನಡೆಯುತ್ತಾನೆ, ಅಷ್ಟೆ. ಮತ್ತೊಂದು ಕಡೆ, ಪ್ರಜೆಗೆ ದೇಶದಲ್ಲಿ ಇರುವ ಹಕ್ಕು ಆಟಗಾರನಿಗೆ ಆಟದಲ್ಲಿ ಇಲ್ಲ. ಕಂಪೆನಿಯು ಮನಸ್ಸು ಮಾಡಿದರೆ ದೇಶವನ್ನೇ ಮುಚ್ಚಬಲ್ಲುದು. ಆಯ್ದ ಪರಿಷತ್ತುಗಳು ಸಲಹೆ ಕೊಡಬಲ್ಲವಲ್ಲದೆ ಆಜ್ಞೆ ಮಾಡಲಾರವು.

೧೦

ಮೇಲ್ಕಂಡ ಪರಿಶೀಲನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹಿಸಿ ಹೇಳಬಹುದು. ಮಾಸಿಕ ಚಂದಾದ ವಿರುದ್ಧ ಆಟಗಾರರು ಎತ್ತಿದ ಆಕ್ಷೇಪಗಳಲ್ಲಿ ಒಂದು ಭಾಗವು ಹಣದ ಹೊರೆಯನ್ನು ಕುರಿತದ್ದು, ಅದು ನ್ಯಾಯವಾದುದೇ. ಆದರೆ ಕಾರ್ಯರೂಪಕ್ಕೆ ಬಂದ ದೊಡ್ಡ ಪ್ರತಿಭಟನೆಗಳು ಮಾತಿಗೆ ತಪ್ಪಿದ್ದನ್ನು, ದರ್ಜೆ ಮಾಡಿದ್ದನ್ನು, ಒಮ್ಮೆ ಕೊಟ್ಟವರಿಂದಲೇ ಮತ್ತೆ ಕೀಳುವುದನ್ನು ಕುರಿತವು. ಆಟಗಾರರು ತಮ್ಮ ಚಂದಾವನ್ನು ಸಂಘದ ಚಂದಾ ಎಂದು ಬಗೆದರು. ಹಾಗೆ ಬಗೆಯಲು ಕರಾರುಪತ್ರದಲ್ಲಿ ಆಧಾರವಿಲ್ಲದಿದ್ದರೂ ಅವರ ಬಾಳಿನಲ್ಲಿ ಆಧಾರವಿದ್ದಿತು.

ಒಂದು ಸಮುದಾಯವು ಹಣದ ವಿಷಯದಲ್ಲಿ ಗೊಣಗುವುದನ್ನು ಕೇಳಿದ ಕೂಡಲೇ ಅದನ್ನು ಲೋಭವೆಂದು ಬರೆದಿಡುವುದು ವಸೂಲು ಮಾಡುವವನ ದೃಷ್ಟಿ. ರೈತರ ದೂರುಗಳನ್ನು ಕಂದಾಯದ ಅಧಿಕಾರಿಗಳ ವರದಿಗಳ ಮೂಲಕ ಮಾತ್ರ ಓದಿದವರು ಬಹುಕಾಲ ಇದೇ ತಪ್ಪನ್ನು ಮಾಡಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಇಂಥ ಆಟಗಳನ್ನು ಆಡುತ್ತಾರೆ. ಪಾಠ, ಸಂಗೀತ, ಚಲನಚಿತ್ರಗಳಿಗೂ ತಿಂಗಳ ಚಂದಾ ಕಟ್ಟುತ್ತಾರೆ. ತಾವು ಕಟ್ಟುವುದು ಯಾವ ಬಗೆಯ ಚಂದಾ, ಅದರಿಂದ ತಮಗೆ ಯಾವ ಹಕ್ಕು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಅವರು ವಿಚಾರಿಸತೊಡಗಿದರೆ ಈ ವಿಷಯದ ಇತಿಹಾಸವನ್ನು ಇನ್ನೂ ವಿಸ್ತಾರವಾಗಿ ಬರೆಯುವವರು ಅವರಿಂದಲೇ ಹುಟ್ಟುವರೆಂದು ನಾವು ನಂಬುತ್ತೇವೆ.